ಜಾಲಿ ಕಟ್ಟಿಗೆಯ ಜೊತೆ ಆರು ವಾರ: ಒಂದು ವಿನಿಮಯ ಭೇಟಿ ಯೋಜನೆಯ ವಿಮರ್ಶೆ

ಅಭಿವೃದ್ಧಿಶೀಲ ದೇಶಗಳ ಮರ ವಿಜ್ಞಾನ ಸಂಶೋಧಕರನ್ನು ಮುಂದುವರಿದ ದೇಶಗಳ ಪ್ರಯೋಗಾಲಯಗಳಿಗೆ ಕರೆಸಿಕೊಳ್ಳುವ ಒಂದು ವಿನಿಮಯ ಯೋಜನೆಯಡಿ ನಾನು ಯುರೋಪಿನ ನಗರವೊಂದರಲ್ಲಿ ಆರು ವಾರ ಇದ್ದು ಬಂದೆ. ಯೋಜನೆಯ ಹೆಸರನ್ನೂ ಪ್ರಯೋಗಾಲಯದ ಹೆಸರನ್ನೂ ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಉಪಕಾರ ಮಾಡಿದವರ ಕುಂದುಗಳನ್ನು ಹೆಸರು ಹಿಡಿದು ಹೇಳುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಇಂಥ ಅರ್ಜಿಯನ್ನು ಮುಂದೆ ಹಾಕಲಿರುವವರಿಗೆ ಈ ಅನುಭವದಿಂದ ಒಂದಿಷ್ಟು ಪ್ರಯೋಜನವಾದೀತು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ಅಂಕ ಕೊಡಲೇಬೇಕೆಂದರೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಉಳಿದ ಒಂದೂವರೆ ಎಲ್ಲಿ ಹೋಯಿತೆಂಬುದು ಮುಂದೆ ಬರುತ್ತದೆ.

ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಸಂಶೋಧನೆಗೆ ಆರಿಸಿಕೊಂಡಿದ್ದು ಬಳ್ಳಾರಿ ಜಾಲಿ, ಅಂದರೆ ಪ್ರೊಸೋಪಿಸ್ ಜೂಲಿಫ್ಲೋರಾ. ನಮ್ಮೂರಿನ ಹೆಸರು ಹೊತ್ತಿದ್ದರೂ ಇದು ನಮ್ಮ ನೆಲದ ಮರವಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕ ಹಾಗೂ ಕೆರಿಬಿಯನ್ ಕಡೆಯ ಇದರ ಬೀಜವನ್ನು 1877ರ ಸುಮಾರಿಗೆ, ಬಳ್ಳಾರಿಯಂತೆಯೇ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಿದರು. ಇಂದು ನಮ್ಮ ಹಳ್ಳದ ದಂಡೆ, ಕೆರೆಯಂಗಳ, ಪಾಳು ಬಿದ್ದ ಹೊಲ ಎಲ್ಲ ಕಡೆಯೂ ಅದೇ. ಕಡಿದಿದ್ದೆಲ್ಲ ಇಟ್ಟಿಗೆ ಭಟ್ಟಿಗೆ, ಇಲ್ಲವೇ ಇದ್ದಿಲಿಗೆ ಹೋಗುತ್ತದೆ. ನಮ್ಮ ಓಣಿಯ ಬಡಗಿಯನ್ನು ಕೇಳಿದರೆ, "ಜಾಲಿ ಒಲಿಗೆ ಛಲೋ ಸಾರ್, ಬಾಗಲಕ್ಕಲ್ಲ, ಒಡಿತೈತಿ" ಎನ್ನುತ್ತಾರೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಇದೇ ಬಳಗದ ಮೆಸ್ಕೀಟ್ ಮರದಿಂದ ನೆಲಹಾಸು, ಮೇಜು, ಕುರ್ಚಿ ಮಾಡುತ್ತಾರೆ. ಕಾರಣ, ಒಣಗುವಾಗ ಅದು ಕುಗ್ಗುವುದು ಬಹಳ ಕಡಿಮೆ. ಹಾಗಿದ್ದ ಮೇಲೆ ನಮ್ಮ ಜಾಲಿ ಒಡೆಯುವುದು ಮರದ ಗುಣದಿಂದಲೋ ಅಥವಾ ಹಸಿ ಕಟ್ಟಿಗೆಯನ್ನು ಬೇಸಿಗೆಯ ಬಿಸಿಲಿಗೆ ಒಡ್ಡುವ ನಮ್ಮ ಅವಸರದಿಂದಲೋ? ಈ ಪ್ರಶ್ನೆಯನ್ನೇ ಹಿಡಿದು ಅರ್ಜಿ ಹಾಕಿದ್ದೆ.

ಆಡಳಿತದ ವಿಷಯದಲ್ಲಿ ದೂರಲು ಏನೂ ಇಲ್ಲ. ಅರ್ಜಿಯ ನಮೂನೆ ಚಿಕ್ಕದು, ಆಹ್ವಾನ ಪತ್ರ ವೀಸಾಕ್ಕೆ ಸಾಕಷ್ಟು ಮೊದಲೇ ಬಂತು, ಭತ್ಯೆ ಮೊದಲ ದಿನವೇ ಕೈಸೇರಿತು, ಕೋಣೆಯಿಂದ ಪ್ರಯೋಗಾಲಯಕ್ಕೆ ನಡೆದೇ ಹೋಗಬಹುದಿತ್ತು. ಸರ್ಕಾರಿ ಪ್ರಯಾಣ ಭತ್ಯೆಗೆ ತಿಂಗಳುಗಟ್ಟಲೆ ಕಾದು ರೂಢಿಯಾದ ನನಗೆ ಇದೇ ಒಂದು ಸೋಜಿಗವಾಗಿತ್ತು.

ಯೋಜನೆ ಎಡವಿದ್ದು ಬೇರೆ ಕಡೆ. ಬರುವ ಮನುಷ್ಯನ ಬಗ್ಗೆ ಅದು ಎಲ್ಲವನ್ನೂ ಯೋಚಿಸಿದೆ, ಅವನ ಜೊತೆ ಬರುವ ಕಟ್ಟಿಗೆಯ ಬಗ್ಗೆ ಏನನ್ನೂ ಯೋಚಿಸಿಲ್ಲ. ನಲವತ್ತು ಪುಟದ ಕೈಪಿಡಿಯಲ್ಲಿ ಚಳಿಗೆ ಎಂಥ ಅಂಗಿ ತರಬೇಕೆಂದಿತ್ತು. ಮಾದರಿಗಳನ್ನು ಹೇಗೆ ತರಬೇಕೆಂಬ ಒಂದು ಸಾಲೂ ಇರಲಿಲ್ಲ. ಬೆಂಗಳೂರಿಗೆ ಎರಡು ಸಲ ಓಡಾಡಿ ಸಸ್ಯ ಆರೋಗ್ಯ ಪ್ರಮಾಣಪತ್ರವನ್ನೇನೋ ಮಾಡಿಸಿಕೊಂಡೆ. ಆದರೆ ಆ ಮಾದರಿಗಳನ್ನು ಇಟ್ಟುಕೊಂಡು ಹೋದದ್ದು ಅದೇ ಬಡಗಿ ಪ್ರೀತಿಯಿಂದ ಮಾಡಿಕೊಟ್ಟ ಬೇವಿನ ಪೆಟ್ಟಿಗೆಯಲ್ಲಿ. ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ ಮಾದರಿಗಳ ಕಾಗದವನ್ನು ನೋಡಿ ತಲೆಯಾಡಿಸಿದರು, ಪೆಟ್ಟಿಗೆಯನ್ನು ಮಾತ್ರ ಎತ್ತಿಟ್ಟುಕೊಂಡರು. ದೇಶದಿಂದ ದೇಶಕ್ಕೆ ಹೋಗುವ ಮರದ ಪೆಟ್ಟಿಗೆಯ ಹಲಗೆ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 30 ನಿಮಿಷ ಇದ್ದಿರಬೇಕು ಇಲ್ಲವೇ ಒಪ್ಪಿತವಾದ ಬೇರೆ ಸಂಸ್ಕರಣೆ ಕಂಡಿರಬೇಕು, ಅದಕ್ಕೆ ಸಾಕ್ಷಿಯಾಗಿ ಪೆಟ್ಟಿಗೆಯ ಮೇಲೆ ಮುದ್ರೆ ಇರಬೇಕು ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಐಎಸ್‌ಪಿಎಂ 15 ಎನ್ನುತ್ತಾರೆ. ಪ್ಲೈವುಡ್‌ಗೆ ಈ ನಿಯಮ ಅನ್ವಯಿಸುವುದಿಲ್ಲ, 6 ಮಿಲಿಮೀಟರಿಗಿಂತ ತೆಳುವಾದ ಹಲಗೆಗೂ ಇಲ್ಲ. ನೂರಿನ್ನೂರು ರೂಪಾಯಿಯ ಪ್ಲೈವುಡ್ ಪೆಟ್ಟಿಗೆ ದಾಟಿ ಹೋಗುತ್ತಿದ್ದ ಕಡೆ ಬೇವಿನ ಪೆಟ್ಟಿಗೆ ಸಿಕ್ಕಿಬಿತ್ತು. ಮರದ ಬಗ್ಗೆ ಪಾಠ ಹೇಳುವವನಿಗೆ ಮರದ ನಿಯಮವೇ ಗೊತ್ತಿರಲಿಲ್ಲವೆಂಬ ನಾಚಿಕೆಯಲ್ಲಿ ಜಾಲಿ ತುಂಡುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಬಂದೆ.

ಇದಕ್ಕಿಂತ ದೊಡ್ಡ ನಷ್ಟ ಸಮಯದ್ದು. ಕಟ್ಟಿಗೆ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಹೀರುತ್ತ, ಬಿಡುತ್ತ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅದನ್ನು ಸಮತೋಲ ತೇವಾಂಶ ಎನ್ನುತ್ತಾರೆ. ಅಲ್ಲಿನ ಪರೀಕ್ಷಾ ಕೊಠಡಿ ಸದಾ 20 ಡಿಗ್ರಿ, 65% ಆರ್ದ್ರತೆಯಲ್ಲಿರುತ್ತದೆ, ಆ ಗಾಳಿಯಲ್ಲಿ ಕಟ್ಟಿಗೆ ಸುಮಾರು 12% ತೇವಾಂಶಕ್ಕೆ ನಿಲ್ಲುತ್ತದೆ. ನಮ್ಮ ದೇಶದ ಪರೀಕ್ಷೆಗಳೂ ಇದೇ 12%ಕ್ಕೆ ಹೊಂದಿಸಿ ಲೆಕ್ಕ ಕೊಡುತ್ತವೆ. ನನ್ನ ತುಂಡುಗಳು ಬಳ್ಳಾರಿಯ ಮೇ ತಿಂಗಳನ್ನು ಕಂಡು ಬಂದವು. 40 ಡಿಗ್ರಿ ಬಿಸಿಲು, 25% ಆರ್ದ್ರತೆಯ ನಮ್ಮ ಮಧ್ಯಾಹ್ನದ ಗಾಳಿಯಲ್ಲಿ ಆ ಮಟ್ಟ 5%ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಮೊದಲ ಸೋಮವಾರ ಎರಡು ಸೆಂಟಿಮೀಟರಿನ ಘನ ತುಂಡೊಂದು ತಕ್ಕಡಿಯಲ್ಲಿ 6.57 ಗ್ರಾಂ ತೂಗಿತು, ಶುಕ್ರವಾರ 6.78. ಜಾಲಿ ಗಟ್ಟಿ ಮರ, ತೇವವನ್ನು ನಿಧಾನವಾಗಿ ಹೀರುತ್ತದೆ. ತೂಕ ನಿಲ್ಲುವವರೆಗೆ ಅಳತೆ ಶುರು ಮಾಡುವಂತಿಲ್ಲ. ಆರು ವಾರಗಳಲ್ಲಿ ಎರಡು ವಾರಕ್ಕೂ ಹೆಚ್ಚು ಕಾಲ ನಾನು ದಿನಕ್ಕೆರಡು ಸಲ ತೂಗುತ್ತ ಕುಳಿತೆ. ಕೊನೆಗೂ 12% ಮುಟ್ಟಲಿಲ್ಲ. ಒಮ್ಮೆ ಚೆನ್ನಾಗಿ ಒಣಗಿದ ಕಟ್ಟಿಗೆ ಮತ್ತೆ ತೇವ ಹೀರುವಾಗ, ಹಸಿಯಿಂದ ಒಣಗುತ್ತ ಬಂದ ಕಟ್ಟಿಗೆಗಿಂತ ಕೆಳಗಿನ ಮಟ್ಟದಲ್ಲೇ ನಿಂತುಬಿಡುತ್ತದೆ. ಭೇಟಿಗೆ ಒಂದು ತಿಂಗಳು ಮೊದಲು ಮಾದರಿಗಳನ್ನು ಅಂಚೆಯಲ್ಲಿ ಕಳಿಸಿ ಎಂದು ಒಂದು ಮಾತು ಬರೆದಿದ್ದರೆ ಈ ದಿನಗಳೆಲ್ಲ ಉಳಿಯುತ್ತಿದ್ದವು.

ಹೀಗೆ ಕಾಯುತ್ತಿದ್ದ ದಿನಗಳಲ್ಲೇ ಯೋಜನೆಯ ಅತ್ಯುತ್ತಮ ಭಾಗ ನನಗೆ ದಕ್ಕಿತು ಎಂಬುದನ್ನೂ ಹೇಳಬೇಕು. ಅಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ತಂತ್ರಜ್ಞರೊಬ್ಬರು ಮೈಕ್ರೋಟೋಮ್, ಅಂದರೆ ಸೂಕ್ಷ್ಮದರ್ಶಕಕ್ಕೆ ಬೇಕಾದ ತೆಳು ಸೀಳು ತೆಗೆಯುವ ಯಂತ್ರ, ನೋಡಿಕೊಳ್ಳುತ್ತಿದ್ದರು. ಜಾಲಿಯ ಚೇಗಿನಿಂದ, ಅಂದರೆ ಕಾಂಡದ ಒಳಗಿನ ಗಟ್ಟಿ ಭಾಗದಿಂದ, 20 ಮೈಕ್ರಾನಿನ ಸೀಳು ತೆಗೆಯುವುದು ನಮ್ಮ ಕಾಲೇಜಿನಲ್ಲಿ ನನಗೆ ಎಂದೂ ಸಾಧ್ಯವಾಗಿರಲಿಲ್ಲ; ಅಲಗಿನ ಬಾಯಿ ಹೋಗುತ್ತಿತ್ತು, ಇಲ್ಲವೇ ಸೀಳು ಪುಡಿಯಾಗುತ್ತಿತ್ತು. ಅವರು ತುಂಡನ್ನು ನೀರು ಮತ್ತು ಗ್ಲಿಸರಿನ್ ಬೆರಕೆಯಲ್ಲಿ ದಿನವಿಡೀ ಸಣ್ಣಗೆ ಕುದಿಸಿದರು. ಮರುದಿನ ಅದನ್ನು ಬಿಸಿಯಿರುವಾಗಲೇ ಹಿಡಿಗೆ ಸಿಕ್ಕಿಸಿ, ಕುಂಚದಿಂದ ಅಲಗಿನ ಮೇಲೆ ಒಂದು ಹನಿ ನೀರು ಸವರಿ, ಅಲಗನ್ನು ಓರೆಯಾಗಿ ತಮ್ಮ ಕಡೆಗೆ ಎಳೆದುಕೊಂಡರು. ಸುರುಳಿ ಸುತ್ತಿಕೊಳ್ಳದಂತೆ ಅದೇ ಕುಂಚದಲ್ಲಿ ಸೀಳನ್ನು ಹಿಡಿದು ನೀರಿಗೆ ಬಿಟ್ಟರು. ಕಂದು ಬಣ್ಣದ, ಈರುಳ್ಳಿ ಪೊರೆಯಷ್ಟು ತೆಳುವಾದ ಆ ಸೀಳಿನಲ್ಲಿ ನಾಳಗಳ ಸುತ್ತ ಪಟ್ಟಿ ಕಟ್ಟಿಕೊಂಡ ಕೋಶಗಳು ಸ್ಪಷ್ಟವಾಗಿ ಕಂಡವು. ನನ್ನ ಕೈಗೆ ಆ ಎಳೆತ ಬರಲು ಹನ್ನೊಂದು ದಿನ ಹಿಡಿಯಿತು.

ಅವರೇ ಇನ್ನೊಂದು ಉಪಾಯವನ್ನೂ ಹೇಳಿಕೊಟ್ಟರು. ಆರ್ದ್ರತೆ ಅಲುಗದ, ಲಕ್ಷಾಂತರ ರೂಪಾಯಿಯ ಅಂಥ ಪರೀಕ್ಷಾ ಕೊಠಡಿ ನಮ್ಮ ಕಾಲೇಜಿಗೆ ಬರುವ ಮಾತಿಲ್ಲ. ಆದರೆ ಉಪ್ಪು ಇನ್ನು ಕರಗದು ಎನ್ನುವಷ್ಟು ಕರಗಿಸಿದ ನೀರನ್ನು ಮುಚ್ಚಿದ ಜಾಡಿಯಲ್ಲಿಟ್ಟರೆ ಒಳಗಿನ ಗಾಳಿ ತಾನಾಗಿ ಒಂದೇ ಆರ್ದ್ರತೆಯಲ್ಲಿ ನಿಲ್ಲುತ್ತದೆ. ಅಡುಗೆ ಉಪ್ಪಾದರೆ 75%, ಮೆಗ್ನೀಸಿಯಮ್ ಕ್ಲೋರೈಡ್ ಆದರೆ 33%. 25 ಡಿಗ್ರಿಯಿಂದ 40 ಡಿಗ್ರಿಗೆ ಏರಿದರೂ ಈ ಎರಡರ ಲೆಕ್ಕ ಹೆಚ್ಚು ಅಲುಗುವುದಿಲ್ಲ, ಹವಾನಿಯಂತ್ರಣವಿಲ್ಲದ ಬಳ್ಳಾರಿಯ ಕೋಣೆಗೆ ಹೇಳಿ ಮಾಡಿಸಿದಂತಿದೆ. ತಳದಲ್ಲಿ ಕರಗದ ಉಪ್ಪು ಯಾವಾಗಲೂ ಕಾಣುತ್ತಿರಬೇಕು, ಅಷ್ಟೇ ಷರತ್ತು. ಊರಿಗೆ ಬಂದ ಮೇಲೆ ಮನೆಯ ಎರಡು ಉಪ್ಪಿನಕಾಯಿ ಜಾಡಿಗಳು ಪ್ರಯೋಗಾಲಯ ಸೇರಿವೆ. ಜಾಲಿ ತುಂಡುಗಳು ನೈಲಾನ್ ದಾರದಲ್ಲಿ ಅವುಗಳೊಳಗೆ ತೂಗಾಡುತ್ತಿವೆ.

'ವಿನಿಮಯ' ಎಂಬ ಹೆಸರಿನ ಬಗ್ಗೆಯೂ ನನಗೆ ತಕರಾರಿದೆ. ಈ ತಂತ್ರಜ್ಞರಿಗೆ ನಮ್ಮ ಕಡೆ ಬಂದು ಜಾಲಿಯನ್ನು ಬೇರು ಸಹಿತ ನೋಡುವ ಆಸೆಯಿತ್ತು. ಕೇಳಿದರೆ, ಆ ದಿಕ್ಕಿನ ಪ್ರಯಾಣಕ್ಕೆ ಯೋಜನೆಯಲ್ಲಿ ಹಣವಿಲ್ಲವೆಂದರು. ನಾವು ಹೋಗಿ ಕಲಿಯುವುದು, ಅವರು ಕುಳಿತು ಕಲಿಸುವುದು, ಇಷ್ಟಕ್ಕೆ ವಿನಿಮಯ ಎನ್ನುವುದು ದೊಡ್ಡ ಮಾತಾಯಿತು.

ಅರ್ಜಿ ಹಾಕುವವರಿಗೆ ಬೇರೆ ದಾರಿಗಳೂ ಇವೆ. ಯೊಕೊಹಾಮಾದಲ್ಲಿರುವ ಅಂತರರಾಷ್ಟ್ರೀಯ ಉಷ್ಣವಲಯ ಮರಮುಟ್ಟು ಸಂಸ್ಥೆ, ಅಂದರೆ ಐಟಿಟಿಒ, 1989ರಿಂದ ಫೆಲೋಶಿಪ್ ಕೊಡುತ್ತ ಬಂದಿದೆ. ಭಾರತ ಅದರ ಸದಸ್ಯ ದೇಶ, ಅಲ್ಪಾವಧಿ ತರಬೇತಿ ಮತ್ತು ಅಧ್ಯಯನ ಪ್ರವಾಸಗಳಿಗೆ ಆ ಫೆಲೋಶಿಪ್ ಸಲ್ಲುತ್ತದೆ. 1892ರಲ್ಲಿ ಹುಟ್ಟಿ ಈಗ ವಿಯೆನ್ನಾದಲ್ಲಿ ಕಚೇರಿಯಿರುವ ಇಯುಫ್ರೋ, ಅಂದರೆ ಅರಣ್ಯ ಸಂಶೋಧನಾ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ, ನಮ್ಮಂಥ ದೇಶಗಳ ವಿಜ್ಞಾನಿಗಳಿಗೆ ತನ್ನ ಸಮ್ಮೇಳನಗಳಿಗೆ ಬರಲು ನೆರವು ಕೊಡುತ್ತದೆ; ಅದರ ಐದನೆಯ ವಿಭಾಗ ಅರಣ್ಯ ಉತ್ಪನ್ನಗಳದ್ದೇ. ಇವೆಲ್ಲಕ್ಕೂ ಮೊದಲು ರಾತ್ರಿ ರೈಲು ಹತ್ತಿ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಹೋಗಿ ಬನ್ನಿ ಎಂದು ನಾನು ಹೇಳುವೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಆರಂಭವಾದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ ಅದರ ಮೂಲ. ನಾನು ಯುರೋಪಿನಲ್ಲಿ ಮೊದಲ ವಾರ ಕಲಿತ ಪ್ರಾಥಮಿಕ ಪಾಠಗಳನ್ನು ಅಲ್ಲೇ ಕಲಿತು ಹೋಗಿದ್ದರೆ ಆ ತಂತ್ರಜ್ಞರ ಬಳಿ ಇನ್ನಷ್ಟು ದಿನ ಕಳೆಯಬಹುದಿತ್ತು.

ಹಿಂದಿರುಗಿದ ಮೇಲೆ ಯೋಜನೆಯವರು ತೃಪ್ತಿಯ ನಮೂನೆಯೊಂದನ್ನು ಕಳಿಸಿದರು. ಊಟ, ವಸತಿ, ಸಾರಿಗೆ ಎಲ್ಲಕ್ಕೂ ಚೌಕಗಳಿದ್ದವು, ಮಾದರಿಗಳಿಗೆ ಇರಲಿಲ್ಲ. ಹಾಳೆಯ ಅಂಚಿನಲ್ಲಿ ಬರೆದು ಕಳಿಸಿದೆ. ಉತ್ತರ ಬಂದಿಲ್ಲ. ತಂತ್ರಜ್ಞರದ್ದು ಮಾತ್ರ ಬಂತು: ಜಾಡಿಯ ತೂಕಗಳ ಪಟ್ಟಿ ನೋಡಿ, ಚೇಗಿನ ಜೊತೆ ಹೊರಗಿನ ಬಿಳಿ ಭಾಗವೂ ಇರುವ ತುಂಡೊಂದನ್ನು ಕಳಿಸಲು ಸಾಧ್ಯವೇ ಎಂದು ಕೇಳಿದ್ದಾರೆ. ತುಂಡು ಸಿದ್ಧವಾಗಿದೆ, ಪ್ರಮಾಣಪತ್ರದ ಅರ್ಜಿ ಬೆಂಗಳೂರಿಗೆ ಹೋಗಿದೆ. ಬಡಗಿ ಈ ಸಲ ಪ್ಲೈವುಡ್‌ನಲ್ಲಿ ಪೆಟ್ಟಿಗೆ ಮಾಡಿಕೊಟ್ಟಿದ್ದಾರೆ, ಬೇವಿನದ್ದು ಹೋಯಿತಲ್ಲ ಎಂಬ ಬೇಸರ ಅವರಿಗೆ ಇನ್ನೂ ಇದೆ.