ಗುಡ್ಡದ ಸೈಟಿಗೆ ಸಾಯಿಲ್ ಟೆಸ್ಟ್ ಒಂದೇ ಸಾಕು ಅಂತ ನಂಬಬೇಡಿ

ಚಿಕ್ಕಬಳ್ಳಾಪುರದ ಸುತ್ತಮುತ್ತ ಬೆಟ್ಟದ ಬುಡದಲ್ಲಿ ಸೈಟು ನೋಡುತ್ತಿರುವವರು ಮೊದಲು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕೊಡಿ. 41 ಸಾವಿರ ಕೊಟ್ಟು ಮಾಡಿಸಿದ ಒಂದು ರಿಪೋರ್ಟ್ ನಂಬಿ, ನಮ್ಮ ಮಾವನವರ ರಿಟೈರ್ಮೆಂಟ್ ದುಡ್ಡನ್ನೆಲ್ಲ ಅಲ್ಲಿ ಸುರಿದಿದ್ದೇವೆ. ಬರೆಯಲು ನಾಚಿಕೆ ಆಗುತ್ತೆ. ಆದರೂ ಬರೆಯುತ್ತಿದ್ದೇನೆ.

ನಂದಿ ಬೆಟ್ಟದ ಸಾಲಿನಲ್ಲೇ ಒಂದು ಗುಡ್ಡ, ಅದರ ಇಳಿಜಾರಿನಲ್ಲಿ ಲೇಔಟ್. ಕನ್ವರ್ಷನ್ ಆಗಿದೆ, ಇ-ಖಾತಾ ಇದೆ, ಕಾಗದದಲ್ಲಿ ಏನೂ ತಕರಾರಿಲ್ಲ. ಆದರೆ ಮೊದಲ ದಿನವೇ ಅಲ್ಲಿ ಕುರಿ ಮೇಯಿಸುತ್ತಿದ್ದ ತಾತ ಒಬ್ಬರು ಹೇಳಿದ್ದರು, "ಅದು ಜಾರಿದ ದಿಣ್ಣೆ ಕಣಮ್ಮ. ನಮ್ಮಪ್ಪನ ಕಾಲದಾಗೆ ಮಳೆಗೆ ಅಷ್ಟೂ ಕೆಳಕ್ಕೆ ಬಂದಿತ್ತಂತೆ." ತಲೆ ಎತ್ತಿ ನೋಡಿದೆ. ನಿಜ. ಮೇಲೆ ಕುಡುಗೋಲಿನ ಬಾಗಿನಂತೆ ಗುಡ್ಡ ಕಡಿದು ಇಳಿದಿತ್ತು. ಅದರ ಕೆಳಗೆ ನೆಲ ಉಬ್ಬುತಗ್ಗು. ನೀಲಗಿರಿ ಮರಗಳ ಬುಡ ಬಾಗಿ, ಆಮೇಲೆ ನೆಟ್ಟಗೆ ಬೆಳೆದಿದ್ದವು.

2021ರ ಆಗಸ್ಟ್ ಮಳೆಗೆ ನಂದಿ ಬೆಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಕಿತ್ತುಹೋಗಿದ್ದು ನಮ್ಮ ಕಡೆ ಯಾರಿಗೆ ನೆನಪಿಲ್ಲ? ಅದಕ್ಕೇ ಹೆದರಿ ಒಬ್ಬ ಕನ್ಸಲ್ಟೆಂಟ್ ಹಿಡಿದೆವು. ಫೋನಿನಲ್ಲಿ ನಾನು ಕೇಳಿದ್ದು ಒಂದೇ. "ಸಾರ್, ಈ ಗುಡ್ಡ ಹಿಂದೆ ಜಾರಿದೆ ಅಂತಾರೆ. ಮನೆ ಕಟ್ಟಿದ್ರೆ ಮತ್ತೆ ಜಾರುತ್ತಾ, ಇಲ್ವಾ? ಅದು ಗೊತ್ತಾಗಬೇಕು." ಅವರು ಹೇಳಿದ್ದು, "ಅದಕ್ಕೇ ಅಲ್ವಾ ಮೇಡಂ ಸಾಯಿಲ್ ಟೆಸ್ಟ್ ಇರೋದು. ರಿಪೋರ್ಟಲ್ಲಿ ಎಲ್ಲಾ ಬರುತ್ತೆ."

ಎಲ್ಲಾ ಬರುತ್ತೆ. ಹೀಗೇ ಹೇಳಿದರು, ಇದೇ ಮಾತು.

ಮಾರ್ಚ್‌ನಲ್ಲಿ ಬಂದರು. ಒಂದೇ ದಿನದ ಕೆಲಸ. ಮೂರು ಬೋರು, ಒಂದೊಂದೂ ನಾಲ್ಕೂವರೆ ಮೀಟರ್. ಮೂರೂ ಜೆಸಿಬಿ ಹೊಡೆದು ಮಟ್ಟ ಮಾಡಿದ್ದ ಜಾಗದಲ್ಲಿ. ಮೇಲೆ ಕಡಿದು ಇಳಿದ ಕಡೆ ಯಾರೂ ಕಾಲಿಡಲಿಲ್ಲ. ಹತ್ತು ದಿನಕ್ಕೆ 22 ಪುಟದ ರಿಪೋರ್ಟ್ ಬಂತು, ಸ್ಪೈರಲ್ ಬೈಂಡಿಂಗ್, ಸೀಲು, ಸಹಿ. ಕಟ್ಟಡಕ್ಕೆ ಜಾಗ ಯೋಗ್ಯ ಅಂತ ಕೊನೆಯಲ್ಲಿತ್ತು. ನಾನು ಅದನ್ನು ನೆಂಟರಿಗೆಲ್ಲ ವಾಟ್ಸಾಪ್ ಮಾಡಿದೆ. ರಿಜಿಸ್ಟ್ರೇಷನ್ ಆಯಿತು.

ಅಕ್ಟೋಬರ್ ಮಳೆ ಬಂತು. ರಸ್ತೆಗೆಂದು ಗುಡ್ಡದ ಪಾದ ಕಡಿದಿದ್ದ ಕಡೆ ನೀರು ಒಸರತೊಡಗಿತು. ಮಳೆ ನಿಂತು ಐದು ದಿನವಾದರೂ ಒಸರು ನಿಲ್ಲಲಿಲ್ಲ. ಸೈಟಿನ ಮೇಲ್ಗಡೆ ಉದ್ದಕ್ಕೆ ಬಿರುಕು. ಕೈ ಹಾಕಿದೆ, ಮಣಿಕಟ್ಟಿನವರೆಗೆ ಒಳಗೆ ಹೋಯಿತು.

ನಮಗೆ ಪರಿಚಯದ ಒಬ್ಬ ರಿಟೈರ್ಡ್ ಇಂಜಿನಿಯರ್ ಮನೆಗೆ ರಿಪೋರ್ಟ್ ಹಿಡಿದು ಓಡಿದೆವು. ಅವರು ಒಂದೊಂದೇ ಪುಟ ತಿರುವಿದರು. "ಇದರಲ್ಲಿ ಗುಡ್ಡದ ಮಾತೇ ಇಲ್ವಲ್ಲಮ್ಮ" ಅಂದರು. ಆಮೇಲೆ ರಿಪೋರ್ಟನ್ನು ಕಾಫಿ ಟ್ರೇ ಮೇಲಿಟ್ಟು, ಅದರ ಮೇಲೆ ಲೋಟ ಇಟ್ಟು, ಟ್ರೇಯ ಒಂದು ಕಡೆ ಮೆಲ್ಲಗೆ ಎತ್ತಿದರು. ಲೋಟ ಅಲ್ಲಾಡಲಿಲ್ಲ. ರಿಪೋರ್ಟೇ ಲೋಟದ ಸಮೇತ ಜಾರಿ ನನ್ನ ಮಡಿಲಿಗೆ ಬಂತು. "ರಿಪೋರ್ಟು ಲೋಟದ ಭಾರ ತಡೆಯುತ್ತೆ ಅಂತ ಮಾತ್ರ ಇವರು ಬರೆದಿದ್ದಾರೆ. ನೀವು ಕೇಳಿದ್ದು ಟ್ರೇ ವಿಷಯ."

ಆಗ ಗೊತ್ತಾಯಿತು ಹೇಗೆ ಮೋಸ ಹೋದೆವು ಅಂತ. ನಮ್ಮ ಯಜಮಾನರು ಮಾತೇ ಆಡಲಿಲ್ಲ. 22 ಪುಟದಲ್ಲಿ ಇರುವುದು ಪಾಯದ ಕೆಳಗಿನ ಮಣ್ಣು ಎಷ್ಟು ಭಾರ ಹೊರುತ್ತೆ ಅನ್ನೋ ಲೆಕ್ಕ ಮಾತ್ರ, ಅದಕ್ಕೆಂದೇ ಇರುವ ಭಾರತೀಯ ಮಾನದಂಡ ಐಎಸ್ 6403 ಪ್ರಕಾರ. ಇಳಿಜಾರು ನಿಲ್ಲುತ್ತಾ ಅನ್ನೋ ಲೆಕ್ಕ ಒಂದು ಸಾಲೂ ಇಲ್ಲ. ಒಮ್ಮೆ ಜಾರಿದ ಗುಡ್ಡದ ಒಳಗೆ ಜಾರಿದ ಪದರ ಇರುತ್ತಂತೆ. ಅಲ್ಲಿ ಮಣ್ಣು ಉಜ್ಜಿ ಉಜ್ಜಿ ಹಿಡಿತ ಕಳೆದುಕೊಂಡಿರುತ್ತೆ. ಮೇಲಿನ ಗರಸು ಎಷ್ಟು ಗಟ್ಟಿ ಇದ್ದರೂ ಪ್ರಯೋಜನವಿಲ್ಲ. ಬೋರು ಆ ಪದರ ದಾಟಿ ಕೆಳಗೆ ಹೋಗಬೇಕು. ಅಲ್ಲಿಯ ಮಣ್ಣನ್ನೇ ಟೆಸ್ಟ್ ಮಾಡಬೇಕು. ಒಳಗಿನ ನೀರಿನ ಮಟ್ಟವನ್ನು ಮಳೆಗಾಲದಲ್ಲಿ ಅಳೆಯಬೇಕು. ನೆಲ ಇನ್ನೂ ಅಲ್ಲಾಡುತ್ತಿದೆಯಾ ಅಂತ ಇಂಕ್ಲಿನೋಮೀಟರ್ ಪೈಪು ಇಳಿಸಿ ತಿಂಗಳುಗಟ್ಟಲೆ ನೋಡಬೇಕು. ತಡೆಯುವ ಬಲ ಜಾರಿಸುವ ಬಲದ ಒಂದೂವರೆ ಪಟ್ಟಾದರೂ ಇರಬೇಕು ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರಂತೆ. ನಮ್ಮ ರಿಪೋರ್ಟಿನಲ್ಲಿ ಆ ಅಂಕಿಯೇ ಇಲ್ಲ. ಮಾರ್ಚ್ ಬಿಸಿಲಲ್ಲಿ ತೋಡಿ 'ಅಂತರ್ಜಲ ಸಿಗಲಿಲ್ಲ' ಅಂತ ಬರೆದಿದ್ದಾರೆ!

ಕನ್ಸಲ್ಟೆಂಟ್‌ಗೆ ಫೋನ್ ಮಾಡಿದೆ. "ನೀವು ಕೇಳಿದ್ದು ಸಾಯಿಲ್ ಟೆಸ್ಟ್ ಮೇಡಂ, ಸ್ಲೋಪ್ ಸ್ಟಡಿ ಬೇರೆ." ನಾನು ಏನು ಕೇಳಿದ್ದೆ ಅಂತ ಪದ ಪದ ಹೇಳಿದೆ. "ಇದೇನು ಕೊಡಗಾ ಮೇಡಂ? ಬಯಲುಸೀಮೆ. ಇಲ್ಲಿ ಮಳೆ ಎಲ್ಲಿದೆ?" ಐದು ದಿನದಿಂದ ಒಸರುತ್ತಿದೆ ಅಂದೆ. "21ನೇ ಪುಟ ಓದಿ. ಬೋರು ತೆಗೆದ ಜಾಗಕ್ಕೆ ಮಾತ್ರ ನಮ್ಮ ಜವಾಬ್ದಾರಿ." ಕೊನೆಗೆ, "ಸಾರ್ ಇದ್ರೆ ಕೊಡಿ, ಅವರಿಗೆ ಅರ್ಥ ಮಾಡಿಸ್ತೀನಿ." ನನಗೆ ಮೈಯೆಲ್ಲ ಉರಿದುಹೋಯಿತು. ದುಡ್ಡು ಕೊಟ್ಟವಳು ನಾನು, ಪ್ರಶ್ನೆ ಕೇಳಿದವಳು ನಾನು. ಮಾರನೇ ದಿನ ಸ್ಲೋಪ್ ಸ್ಟಡಿಗೆ 1.8 ಲಕ್ಷದ ಕೊಟೇಷನ್ ಕಳಿಸಿದರು. ಅದೇ ಮನುಷ್ಯ! ಬೇಡ ಅಂದ ಮೇಲೆ ಫೋನ್ ಎತ್ತುತ್ತಿಲ್ಲ.

ದಯವಿಟ್ಟು ಫೋನಿನ ಮಾತು ನಂಬಬೇಡಿ. 'ಇಳಿಜಾರು ಜಾರುತ್ತಾ' ಅಂತ ಬರೆದು ಕೊಡಿ, ಉತ್ತರವನ್ನೂ ಬರೆಸಿಕೊಳ್ಳಿ. ಮಳೆಗಾಲ ಮುಗಿಯುವವರೆಗೆ ದುಡ್ಡು ಕೊಡಬೇಡಿ. ಅಕ್ಕಪಕ್ಕದ ಊರಿನ ಹಿರಿಯರನ್ನು ಕೇಳಿ. ಆ ತಾತ ಬಿಟ್ಟಿಯಾಗಿ ಹೇಳಿದ್ದೇ ಸರಿ ಇತ್ತು.

ಹೋದ ಭಾನುವಾರ ಸೈಟಿನ ಹತ್ತಿರ ಹೋಗಿದ್ದೆ. ಬೆಂಗಳೂರಿನಿಂದ ಬಂದಿದ್ದ ಗಂಡ ಹೆಂಡತಿಗೆ ಏಜೆಂಟ್ ಪಕ್ಕದ ಸೈಟು ತೋರಿಸುತ್ತಿದ್ದ. ಕೈಯಲ್ಲಿ ನಮ್ಮದೇ ರಿಪೋರ್ಟಿನ ಜೆರಾಕ್ಸ್, ಸೈಟ್ ನಂಬರ್ ಮಾತ್ರ ಬೇರೆ. ನಾನು ಆ ಹೆಣ್ಣುಮಗಳ ಕೈ ಹಿಡಿದು ಬಿರುಕಿನ ಹತ್ತಿರ ಕರೆದುಕೊಂಡು ಹೋದೆ. ಏಜೆಂಟ್ ಕೆಳಗಿನಿಂದ ಕೂಗುತ್ತಿದ್ದ, "ಮೇಡಂ, ಅದು ಬಿಸಿಲಿಗೆ ಬಿಟ್ಟಿರೋ ಬಿರುಕು, ಬನ್ನಿ!"