ಝೀನ್ ಸಂತೆ, ಬೆಂಗಳೂರು, ಅಂಚೆ: ಕಾಮಿಕ್ಸ್ ಎಲ್ಲಿ ಕೊಳ್ಳೋದು?

ದಾವಣಗೆರೆಯಲ್ಲಿದ್ದುಕೊಂಡು ಸ್ವತಂತ್ರ ಕಾಮಿಕ್ಸ್ ಕೊಳ್ಳಲು ಮೂರು ದಾರಿ ಇವೆ. ನಮ್ಮೂರಿನ ಸಣ್ಣ ಝೀನ್ ಸಂತೆ (ಝೀನ್ ಅಂದ್ರೆ ಬರೆದವರೇ ಅಚ್ಚು ಹಾಕಿಸಿ ಮಾರುವ ಕಿರುಪುಸ್ತಕ), ಬೆಂಗಳೂರಿನ ಮೇಳಗಳು, ಇಲ್ಲಾಂದ್ರೆ ಫೋನಲ್ಲೇ ದುಡ್ಡು ಹಾಕಿ ಅಂಚೆಯಲ್ಲಿ ತರಿಸೋದು. ಮೂರೂ ಕಡೆ ಕೊಂಡು ನೋಡಿದ್ದೇನೆ. ಕನ್ನಡದ್ದು ಬೇಕಿದ್ದರೆ ಊರಿನ ಸಂತೆಗೇ ಹೋಗಿ. ಬಣ್ಣದ ಕೆಲಸ ನೋಡಬೇಕಿದ್ದರೆ ಬೆಂಗಳೂರು. ಅಂಚೆ ಏನಿದ್ದರೂ ಈಗಾಗಲೇ ಗೊತ್ತಿರುವ ಕಲಾವಿದರ ಮುಂದಿನ ಸಂಚಿಕೆಗೆ ಮಾತ್ರ.

ಸಂತೆಯ ವಿಷಯ ಮೊದಲು ಹೇಳುತ್ತೇನೆ. ನನಗೆ ಜಾಸ್ತಿ ಖುಷಿ ಸಿಕ್ಕಿದ್ದು ಅಲ್ಲೇ.

ಊರಲ್ಲಿ 1964ರಿಂದಲೂ ಚಿತ್ರಕಲಾ ಕಾಲೇಜಿದೆ. ಚಿತ್ರ ಬರೆಯುವವರಿಗೆ ಬರವಿಲ್ಲ, ಅಚ್ಚು ಹಾಕಿಸುವ ದುಡ್ಡಿಗೆ ಬರ. ಅದಕ್ಕೇ ಸಂತೆಯಲ್ಲಿ ಕಂಡದ್ದು ಹೆಚ್ಚಾಗಿ ಜೆರಾಕ್ಸ್ ಝೀನ್‌ಗಳು. ಒಂದು ಎ4 ಹಾಳೆಯನ್ನು ಮಡಚಿ, ನಡುವೆ ಒಂದೇ ಕಡೆ ಕತ್ತರಿ ಹಾಕಿದರೆ ಎಂಟು ಪುಟದ ಪುಸ್ತಕ ಆಗುತ್ತದೆ. ಒಂದು ಮಗ್ಗುಲು ಜೆರಾಕ್ಸ್ ಮಾಡಿಸಿದರೆ ಸಾಕು, ಪಿನ್ನೂ ಬೇಡ. ಬೆಲೆ 20 ರೂಪಾಯಿ, 30 ರೂಪಾಯಿ. ಒಂದು ಬೆಣ್ಣೆ ದೋಸೆಯ ದುಡ್ಡೂ ಆಗಲಿಲ್ಲ.

ನಾನು ಕೊಂಡದ್ದರಲ್ಲಿ ಒಂದು ಮಂಡಕ್ಕಿ ಭಟ್ಟಿಯ ಕಥೆ. ಒಲೆ ಮುಂದೆ ನಿಂತ ಹೆಂಗಸು, ಬಾಣಲೆಯಲ್ಲಿ ಕಾದ ಮರಳು, ಅರಳಿ ಹಾರುವ ಮಂಡಕ್ಕಿ. ಹೊಗೆ ತೋರಿಸಲು ಕಲಾವಿದೆ ಒಂದು ಗೆರೆಯನ್ನೂ ಎಳೆದಿಲ್ಲ. ಚಿತ್ರದ ಜೆರಾಕ್ಸ್ ತೆಗೆಸಿ, ಆ ಜೆರಾಕ್ಸ್‌ನ ಜೆರಾಕ್ಸ್ ತೆಗೆಸಿ, ಮತ್ತೆ ಅದರದ್ದೂ ತೆಗೆಸಿ, ಹಾಳೆ ಮೇಲೆ ಬೂದು ಕಲೆ ಏಳುವ ಹಾಗೆ ಮಾಡಿದ್ದಾಳೆ. ಪುಟ ತಿರುವಿದಂತೆ ಕಲೆ ದಟ್ಟವಾಗುತ್ತದೆ. ಕೊನೆಗೆ ಬರುವ ಹೊತ್ತಿಗೆ ಹೆಂಗಸಿನ ಮುಖವೇ ಕಾಣುವುದಿಲ್ಲ. ಇಡೀ ಪುಸ್ತಕದಲ್ಲಿ ಮಾತು ಒಂದೇ: "ಇನ್ನೆಷ್ಟ್ ಚೀಲ ಐತೆ?" ಬಣ್ಣದಲ್ಲಿ ಮಾಡಿದ್ದರೆ ಇದು ಕೆಟ್ಟೇ ಹೋಗುತ್ತಿತ್ತು.

ಮೇಜಿನ ಹಿಂದೆ ಕೂತಿದ್ದವಳೇ ಬರೆದವಳು. "ಪೂರ್ತಿ ಓದ್ರಿ ಅಕ್ಕಾ, ಆಮೇಲ್ ಬೇಕಾದ್ರೆ ತಗೊಳ್ರಿ" ಅಂದಳು. ಭಟ್ಟಿಯಲ್ಲಿ ದುಡಿಯುವವರಿಗೂ ಪ್ರತಿ ಕೊಟ್ಟು ಬಂದಿದ್ದಾಳಂತೆ. "ನನ್ ಮೂಗು ಹಿಂಗೈತೇನವ್ವಾ?" ಅಂತ ಒಬ್ಬರು ಜಗಳಕ್ಕೇ ಬಂದರಂತೆ. ಪುಸ್ತಕ ಕೊಳ್ಳುವಾಗ ಇಂಥ ಮಾತು ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಕೊರತೆಯೂ ಇದೆ. ಸಂತೆ ಚಿಕ್ಕದು, ಅರ್ಧ ಮೇಜುಗಳಲ್ಲಿ ಸ್ಟಿಕರ್, ಪೋಸ್ಟ್‌ಕಾರ್ಡ್, ಬುಕ್‌ಮಾರ್ಕ್. ಕೆಲವು ಕಥೆ ಅರ್ಧಕ್ಕೇ ನಿಲ್ಲುತ್ತವೆ. ಇನ್ನೊಂದು ಮಾತು ಈ ಮಕ್ಕಳಿಗೆ ಹೇಳಲೇಬೇಕು. ಮಾತಿನ ಗುಳ್ಳೆಗಳನ್ನು ಇಂಗ್ಲಿಷ್ ಕಾಮಿಕ್ಸ್ ನೋಡಿ ಅಳತೆ ಮಾಡಬೇಡಿ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಒಂದರ ಮೇಲೊಂದು ಹತ್ತಿ ಕೂರುತ್ತವೆ. ಮೊದಲು ಅಕ್ಷರ ಬರೆದು, ಆಮೇಲೆ ಸುತ್ತ ಗುಳ್ಳೆ ಎಳೆದವರ ಪುಟಗಳು ಸಲೀಸಾಗಿ ಓದಿಸಿಕೊಂಡವು. ಕಂಪ್ಯೂಟರ್ ಅಕ್ಷರಕ್ಕಿಂತ ಕೈಬರಹವೇ ಚೆನ್ನಾಗಿತ್ತು ಕೂಡ.

ಇನ್ನು ಬೆಂಗಳೂರು. ಸುಮಾರು 260 ಕಿಲೋಮೀಟರ್ ದೂರ. ಹೋಗಿಬರುವ ಖರ್ಚೇ ಪುಸ್ತಕದ ಖರ್ಚನ್ನು ಮೀರುತ್ತದೆ. ಆದರೂ ಇಂಡೀ ಕಾಮಿಕ್ಸ್ ಫೆಸ್ಟ್‌ನಂಥದ್ದಕ್ಕೆ ಹೋಗಬೇಕು. ಅಲ್ಲೂ ಬರೆದವರೇ ಕೂತು ಮಾರುತ್ತಾರೆ, ಆಯ್ಕೆ ಮಾತ್ರ ನಮ್ಮ ಸಂತೆಗಿಂತ ಎಷ್ಟೋ ಪಾಲು ಜಾಸ್ತಿ. ಟಿಕೆಟ್ ಇಟ್ಟು ನಡೆಸುವ ದೊಡ್ಡ ಕಾಮಿಕ್ಸ್ ಮೇಳಗಳಲ್ಲಿ ಟೀ ಶರ್ಟ್, ಗೊಂಬೆಗಳದ್ದೇ ಭರಾಟೆ. ಸ್ವತಂತ್ರ ಕಲಾವಿದರನ್ನು ಹುಡುಕಿಕೊಂಡು ಮೂಲೆಗೆ ಹೋಗಬೇಕಾಯಿತು.

ಬೆಂಗಳೂರಲ್ಲಿ ನಾನು ಮನಸೋತದ್ದು ರಿಸೋ ಅಚ್ಚಿಗೆ. ಅದು ಜಪಾನಿನ ಯಂತ್ರ. ನೋಡಲು ಜೆರಾಕ್ಸ್ ಯಂತ್ರದ ಹಾಗೇ ಇದ್ದರೂ ಒಳಗೆ ಸ್ಟೆನ್ಸಿಲ್ ಕೊರೆದು, ಅದರ ಮೂಲಕ ಶಾಯಿ ಒತ್ತುತ್ತದೆ. ಒಂದು ಡ್ರಮ್‌ಗೆ ಒಂದೇ ಬಣ್ಣ. ಗುಲಾಬಿ ಆದ ಮೇಲೆ ನೀಲಿಗೆ ಡ್ರಮ್ ಬದಲಿಸಿ, ಅದೇ ಹಾಳೆಯನ್ನು ಮತ್ತೆ ಒಳಗೆ ಬಿಡಬೇಕು. ಹೀಗಾಗಿ ಎರಡು ಬಣ್ಣ ಕೂದಲೆಳೆಯಷ್ಟು ಆಚೀಚೆ ಕೂರುತ್ತವೆ, ಪ್ರತಿಯೊಂದು ಪ್ರತಿಯೂ ಚೂರು ಬೇರೆ. ಬೆಲೆ 250, 300 ರೂಪಾಯಿ. ಕೈಯಲ್ಲಿ ಹಿಡಿದು ನೋಡಿದರೆ ಕೊಡಬಹುದು ಅನಿಸುತ್ತದೆ.

ಆದರೆ ಕನ್ನಡ? ಒಂದೊಂದೇ ಮೇಜು ನೋಡುತ್ತಾ ಹೋದರೂ ಬೆರಳೆಣಿಕೆಯಷ್ಟು. ಇದು ನನಗೆ ನಿಜಕ್ಕೂ ನೋವಿನ ವಿಷಯ. ಅಮರ ಚಿತ್ರ ಕಥೆಯ ಮೊದಮೊದಲ ಪುಸ್ತಕಗಳು 1965ರಲ್ಲಿ ಇದೇ ಬೆಂಗಳೂರಿನ ಪ್ರಯತ್ನದಿಂದ ಕನ್ನಡದಲ್ಲಿ ಬಂದವು, ಇಂಗ್ಲಿಷ್ ಆಮೇಲೆ. ಅಂಥ ಊರಲ್ಲಿ ಕನ್ನಡ ಕಾಮಿಕ್ಸ್ ಹುಡುಕಾಡಬೇಕು ಅಂದ್ರೆ ಬೇಜಾರಾಗುತ್ತೆ, ಅಲ್ವಾ?

ಅಂಚೆ ಬಗ್ಗೆ ಹೆಚ್ಚಿಲ್ಲ. ಎರಡು ಮೂರು ಪುಟ ತೋರಿಸಿ ಮಾರುತ್ತಾರೆ, ಕಥೆ ಹೇಗಿದೆ ಅಂತ ಗೊತ್ತಾಗುವುದಿಲ್ಲ. ರಿಸೋದ ಮಿಂಚು ಗುಲಾಬಿ ಫೋನ್ ಪರದೆಯಲ್ಲಿ ಸಪ್ಪೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಯಿತು. 30 ರೂಪಾಯಿಯ ಝೀನ್‌ಗೆ ಅದಕ್ಕಿಂತ ಹೆಚ್ಚು ಅಂಚೆ ಖರ್ಚು ಕೊಟ್ಟಿದ್ದೇನೆ. ಹರಿಹರ, ಚಿತ್ರದುರ್ಗದ ಗೆಳತಿಯರ ಜೊತೆ ಸೇರಿ ಒಟ್ಟಿಗೆ ತರಿಸಿದಾಗ ಪರವಾಗಿಲ್ಲ ಅನಿಸಿತು. ರಟ್ಟು ಇಟ್ಟು ಕಳಿಸಿ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಮೂಲೆ ಮಡಚಿಯೇ ಬರುತ್ತದೆ.

ಬಾಳಿಕೆಯಲ್ಲೂ ವ್ಯತ್ಯಾಸ ಇದೆ. ರಿಸೋ ಶಾಯಿ ಪೂರ್ತಿ ಒಣಗುವುದಿಲ್ಲ, ಬೆರಳಿಗೆ ಅಂಟುತ್ತದೆ. ಪುಟಗಳ ನಡುವೆ ತೆಳು ಬಿಳಿ ಹಾಳೆ ಇಡಿ. ಜೆರಾಕ್ಸ್ ಪುಡಿ ಕಾಗದದ ಮೇಲೆ ಕೂತಿರುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಮಡಿಕೆಯಲ್ಲಿ ಉದುರುತ್ತದೆ, ಪ್ಲಾಸ್ಟಿಕ್ ಕವರ್‌ಗೆ ಹಾಕಿದರೆ ಅದಕ್ಕೇ ಅಂಟಿಕೊಳ್ಳುತ್ತದೆ. ಕಾಗದದ ಲಕೋಟೆ ಒಳ್ಳೆಯದು. ಸಂತೆಯಲ್ಲಿ ತುಂಬ ಇಷ್ಟವಾದದ್ದು ಸಿಕ್ಕರೆ ಎರಡು ಪ್ರತಿ ಕೊಂಡುಬಿಡಿ. ಇವರೆಲ್ಲ ಓದು ಮುಗಿಸಿ ಊರು ಬಿಡುವ ಮಕ್ಕಳು. ಮುಂದಿನ ಸಂತೆಗೆ ಅದೇ ಪುಸ್ತಕ ಮತ್ತೆ ಬರುತ್ತದೆ ಅನ್ನುವ ಖಾತ್ರಿ ಇಲ್ಲ.