ಬಾಡಿಗೆ ಬೂಟು, ಬಾಡಿಗೆ ಕ್ರ್ಯಾಂಪಾನ್: ಚಳಿಗಾಲದ ಸೇಂಟ್ ಹೆಲೆನ್ಸ್‌ಗೆ ಸಾಮಾನು ಕೊಟ್ಟ ಅಂಗಡಿ

ಗುರುವಾರ ಸಂಜೆ ಅಂಗಡಿಗೆ ಫೋನ್ ಮಾಡಿ, ‘ಈ ಶನಿವಾರ ನಾವು ಹೋಗುತ್ತಿಲ್ಲ’ ಎಂದೆ. ಆ ಕಡೆ ಇದ್ದ ಹುಡುಗಿ ಕಾರಣ ಕೇಳಲಿಲ್ಲ. ‘ಮೇಲೆ ಗಾಳಿ ಜಾಸ್ತಿ ಇದೆ ಅಲ್ವಾ, ಮುಂದಿನ ವಾರಕ್ಕೆ ಬರೆದುಕೊಳ್ಳಲಾ?’ ಎಂದಳು. ಒಂದು ಡಾಲರೂ ಹಿಡಿದುಕೊಳ್ಳಲಿಲ್ಲ. ನಾನು ಈ ವಿಮರ್ಶೆ ಬರೆಯಲು ಕೂತಿರುವುದೇ ಆ ಎರಡು ನಿಮಿಷದ ಫೋನ್‌ಗಾಗಿ.

ಅಂಗಡಿ ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿದೆ. ಹೆಸರು ಬರೆಯುತ್ತಿಲ್ಲ. ಅವರಿಂದ ಒಂದು ತಪ್ಪೂ ಆಯಿತು, ಅದನ್ನು ಅವರು ಒಪ್ಪಿಕೊಂಡು ಸರಿ ಮಾಡಿದರು. ಅಂಥವರ ಹೆಸರನ್ನು ಎಳೆದು ತರುವುದು ನನಗೆ ಇಷ್ಟವಿಲ್ಲ. ಇಲ್ಲಿ ಹೇಳುವ ಸಂಗತಿಗಳನ್ನು ನೀವು ಯಾವ ಬಾಡಿಗೆ ಅಂಗಡಿಯಲ್ಲಾದರೂ ಕೇಳಿ, ನೋಡಿ, ತೂಗಿ ನೋಡಬಹುದು.

ನಾವು ಹೊರಟಿದ್ದು ವಾಷಿಂಗ್ಟನ್ ರಾಜ್ಯದ ಮೌಂಟ್ ಸೇಂಟ್ ಹೆಲೆನ್ಸ್ ಎಂಬ ಜ್ವಾಲಾಮುಖಿ ಬೆಟ್ಟಕ್ಕೆ. ನಾನು ಪೋರ್ಟ್‌ಲ್ಯಾಂಡ್ ಪಕ್ಕದ ಬೀವರ್ಟನ್‌ಗೆ ಬಂದು ಒಂಬತ್ತು ವರ್ಷ ಆಯಿತು. ಮೋಡವಿಲ್ಲದ ದಿನ ಇಲ್ಲಿನ ಗುಡ್ಡಗಳ ಮೇಲೆ ನಿಂತರೆ ಉತ್ತರಕ್ಕೆ ಅದು ಕಾಣುತ್ತದೆ, ತಲೆ ಕೊಚ್ಚಿದ ಎಳನೀರಿನ ಹಾಗೆ. ಕೊಚ್ಚಿದ್ದು 1980ರ ಮೇ 18ರ ಬೆಳಗ್ಗೆ 8 ಗಂಟೆ 32 ನಿಮಿಷಕ್ಕೆ. ಭೂಕಂಪ ಆಗಿ ಬೆಟ್ಟದ ಉತ್ತರದ ಮೈ ಪೂರ್ತಿ ಜಾರಿತು, ಒಳಗೆ ಒತ್ತಿಕೊಂಡಿದ್ದದ್ದು ಪಕ್ಕಕ್ಕೆ ಸಿಡಿಯಿತು. 57 ಜನ ಸತ್ತರು. 9,677 ಅಡಿ ಇದ್ದ ಬೆಟ್ಟ 8,363 ಅಡಿಗೆ ಇಳಿಯಿತು. ಉತ್ತರದ ಗೋಡೆ ಹೋದದ್ದರಿಂದ ಕುಳಿ ಆ ಕಡೆಗೆ ಬಾಯಿ ತೆರೆದುಕೊಂಡಿದೆ. ದಕ್ಷಿಣದ ಮೈ ಉಳಿದಿದೆ. ಹತ್ತುವವರು ಹತ್ತುವುದು ಆ ಕಡೆಯಿಂದ.

ಬೇಸಿಗೆಯಲ್ಲಿ ಮಾನಿಟರ್ ರಿಡ್ಜ್ ದಾರಿ. ಚಳಿಗಾಲದಲ್ಲಿ ಅಲ್ಲಿಗೆ ಹೋಗುವ ರಸ್ತೆಯೇ ಹಿಮದಲ್ಲಿ ಮುಚ್ಚಿರುತ್ತದೆ. ಆಗ ಮಾರ್ಬಲ್ ಮೌಂಟನ್ ಸ್ನೋ-ಪಾರ್ಕ್‌ನಿಂದ (ಚಳಿಗಾಲದಲ್ಲಿ ಕಾರು ನಿಲ್ಲಿಸುವ ಜಾಗ) ವರ್ಮ್ ಫ್ಲೋಸ್ ದಾರಿ ಹಿಡಿಯಬೇಕು. ಹೋಗಿ ಬರಲು ಸುಮಾರು 12 ಮೈಲಿ, ಏರು ಸುಮಾರು 5,700 ಅಡಿ. ನಮ್ಮ ಊರಿನವರಿಗೆ ಅರ್ಥ ಆಗುವ ಹಾಗೆ ಹೇಳಬೇಕೆಂದರೆ, ಕುಮಾರಪರ್ವತದ ಪೂರ್ತಿ ಎತ್ತರ 1,712 ಮೀಟರ್. ಇಲ್ಲಿ ಒಂದೇ ದಿನದಲ್ಲಿ ಅದಕ್ಕಿಂತ ತುಸು ಜಾಸ್ತಿಯೇ ಹತ್ತಬೇಕು. ಕಾಲೇಜಿನಲ್ಲಿದ್ದಾಗ ಕುಕ್ಕೆಯಿಂದ ಹೊರಟು, ಗಿರಿಗದ್ದೆ ಭಟ್ಟರ ಮನೆಯಲ್ಲಿ ಊಟ ಮಾಡಿ ಮಲಗಿ, ಮರುದಿನ ತುದಿ ಮುಟ್ಟಿದ್ದೆ. ಸೇಂಟ್ ಹೆಲೆನ್ಸ್‌ನಲ್ಲಿ ಭಟ್ಟರ ಮನೆ ಇಲ್ಲ. ಕಾಲ ಕೆಳಗೆ ನೆಲವೂ ಇಲ್ಲ, ಹಿಮ.

ನಾವು ಮೂವರು: ನಾನು, ಸಿಯಾಟಲ್‌ನಲ್ಲಿರುವ ತಮ್ಮ (ಚಿಕ್ಕಪ್ಪನ ಮಗ), ಮತ್ತೆ ಈ ಬೆಟ್ಟವನ್ನು ಐದು ಸಲ ಹತ್ತಿದ ನನ್ನ ಸಹೋದ್ಯೋಗಿ. ಆಕೆಯ ಹತ್ತಿರ ಎಲ್ಲ ಸಾಮಾನು ಇತ್ತು. ನಮ್ಮಿಬ್ಬರ ಹತ್ತಿರ ಮಳೆ ಕೋಟು, ಉಣ್ಣೆ ಕಾಲುಚೀಲ, ಮಾಮೂಲಿ ಟ್ರೆಕ್ಕಿಂಗ್ ಬೂಟು ಬಿಟ್ಟರೆ ಏನೂ ಇರಲಿಲ್ಲ. ಹೊಸ ಪರ್ವತಾರೋಹಣದ ಬೂಟು ಕೊಂಡರೆ ಐನೂರು ಡಾಲರ್ ಹತ್ತಿರ ಹೋಗುತ್ತದೆ. ವರ್ಷಕ್ಕೊಂದು ಸಲದ ಬೆಟ್ಟಕ್ಕೆ ಅದು ಬೇಡ ಅನಿಸಿತು. ಮೂರು ದಿನದ ಬಾಡಿಗೆ ಒಬ್ಬೊಬ್ಬರಿಗೆ ಸುಮಾರು 130 ಡಾಲರ್ ಆಯಿತು.

ಅಂಗಡಿಯ ಹಿಂಭಾಗದಲ್ಲಿ ಬಾಡಿಗೆ ಕೌಂಟರ್. ಅಲ್ಲಿದ್ದದ್ದು ಬಿಳಿ ಗಡ್ಡದ ಒಬ್ಬರು. ಸೈಜ್ ಕೇಳುವ ಮೊದಲು ‘ಯಾವ ಬೆಟ್ಟ, ಯಾವ ದಾರಿ, ಯಾವತ್ತು’ ಎಂದು ಕೇಳಿದರು. ಆಮೇಲೆ ‘ಎಷ್ಟು ಗಂಟೆಗೆ ವಾಪಸ್ ತಿರುಗುತ್ತೀರಿ’ ಎಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ತುದಿ ಮುಟ್ಟಿದ ಮೇಲೆ ತಿರುಗುವುದು, ಅಷ್ಟೇ ನಮ್ಮ ಲೆಕ್ಕ. ಅವರು ಬಾಡಿಗೆ ಚೀಟಿಯ ಮೇಲೆ ‘1 ಗಂಟೆ’ ಎಂದು ಬರೆದು, ಸುತ್ತ ಗೆರೆ ಎಳೆದರು. ಎಲ್ಲಿದ್ದರೂ ಮಧ್ಯಾಹ್ನ ಒಂದಕ್ಕೆ ತಿರುಗಿ. ಮಾರ್ಚ್ ಆರಂಭದಲ್ಲಿ ಇಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಆ ಚೀಟಿ ಈಗಲೂ ನನ್ನ ಬ್ಯಾಗಿನಲ್ಲಿದೆ.

ಬೂಟಿಗೇ ಮುಕ್ಕಾಲು ಗಂಟೆ ಹಿಡಿಯಿತು. ನಮ್ಮದೇ ದಪ್ಪ ಕಾಲುಚೀಲ ತರಲು ಮೊದಲೇ ಹೇಳಿದ್ದರು. ಬೂಟು ಹಾಕಿಸಿ ಮರದ ಇಳಿಜಾರು ಹಲಗೆಯ ಮೇಲೆ ಹತ್ತಿಸಿ ಇಳಿಸಿದರು. ಹತ್ತುವಾಗ ಹಿಮ್ಮಡಿ ಮೇಲೆ ಏಳಬಾರದು, ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ತಾಗಬಾರದು. ನನಗೆ 38 ಸರಿಯಾಗಿಯೇ ಇದೆ ಅನಿಸಿತ್ತು. ಇಳಿಜಾರಿನಲ್ಲಿ ಬೆರಳು ತಾಗಿತು, 38.5 ಕೊಟ್ಟರು. ಆ ಅರ್ಧ ಸೈಜ್ ನನ್ನ ಉಗುರು ಉಳಿಸಿತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹನ್ನೆರಡು ಗಂಟೆ ನಡೆದರೂ ಒಂದು ಗುಳ್ಳೆ ಬರಲಿಲ್ಲ. ಬೂಟಿನ ಅಟ್ಟೆ ಹಲಗೆಯ ಹಾಗೆ ಬಿರುಸು, ಬಗ್ಗುವುದೇ ಇಲ್ಲ. ಕಾರ್ ಪಾರ್ಕಿಂಗ್‌ನಲ್ಲಿ ನಡೆಯಲು ಕಷ್ಟ. ಕ್ರ್ಯಾಂಪಾನ್ ಗಟ್ಟಿಯಾಗಿ ಕೂರಬೇಕೆಂದರೆ ಆ ಬಿರುಸೇ ಬೇಕು.

ಕ್ರ್ಯಾಂಪಾನ್ ಅಂದರೆ ಬೂಟಿನ ಕೆಳಗೆ ಕಟ್ಟುವ ಉಕ್ಕಿನ ಹಲ್ಲುಗಳು. ನಮಗೆ ಕೊಟ್ಟದ್ದು ಹನ್ನೆರಡು ಹಲ್ಲಿನದು. ಪೇಟೆಯಲ್ಲಿ ಸಿಗುವ ರಬ್ಬರಿನ ಸಣ್ಣ ಮೈಕ್ರೋಸ್ಪೈಕ್ ಸಾಕಾಗುತ್ತದೆ ಎಂದು ನನ್ನ ತಮ್ಮ ವಾದ ಮಾಡಿದ. ಕೆಳಗಿನ ಕಾಡಿನ ದಾರಿಗೆ ಅದು ಸಾಕು. ಮೇಲಿನ ಇಳಿಜಾರಿನಲ್ಲಿ ಬೆಳಗ್ಗೆ ಹಿಮ ಗಾಜಿನ ಹಾಗೆ ಗಟ್ಟಿ ಇರುತ್ತದೆ. ಅಲ್ಲಿ ಅದು ಸಾಲದು.

ಐಸ್ ಆ್ಯಕ್ಸ್, ಅಂದರೆ ಹಿಮಕ್ಕೆ ಚುಚ್ಚುವ ಕೊಡಲಿ, ಕೊಡುವ ಮೊದಲು ‘ಇದರಿಂದ ಬೀಳುವುದನ್ನು ತಡೆಯಲು ಬರುತ್ತದಾ’ ಎಂದು ಕೇಳಿದರು. ತಮ್ಮನಿಗೆ ಬರುತ್ತಿರಲಿಲ್ಲ. ‘ಹಾಗಾದರೆ ಮೊದಲು ಸಣ್ಣ ಗುಡ್ಡದಲ್ಲಿ ಹತ್ತು ಸಲ ಬಿದ್ದು ಅಭ್ಯಾಸ ಮಾಡಿ, ಕ್ರ್ಯಾಂಪಾನ್ ಬಿಚ್ಚಿ’ ಎಂದರು. ಮೌಂಟ್ ಹುಡ್‌ನ ತಪ್ಪಲಿನಲ್ಲಿ ಒಂದು ಭಾನುವಾರ ಬೆಳಗ್ಗೆ ಅದನ್ನೇ ಮಾಡಿದೆವು. ಕೊಡಲಿಯ ತಲೆಯನ್ನು ಎದೆಗೆ ಒತ್ತಿ, ಮಗುಚಿ, ಮೊನೆಯನ್ನು ಹಿಮಕ್ಕೆ ಚುಚ್ಚಿ ಮೈಯ ಭಾರ ಹಾಕಬೇಕು. ಮೊದಲ ಮೂರು ಸಲ ಅವನು ಕೆಳಗಿನ ತನಕ ಜಾರಿದ. ಏಳನೇ ಸಲಕ್ಕೆ ಎರಡು ಮಾರಿನೊಳಗೆ ನಿಂತ.

ಹಿಮಕುಸಿತದ ಬೀಕನ್, ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರನ್ನೂ ಒಟ್ಟಿಗೇ ಬಾಡಿಗೆ ಕೊಡುತ್ತಾರೆ, ಬೀಕನ್ ಒಂದನ್ನೇ ಕೊಡುವುದಿಲ್ಲ. ಇದು ಒಳ್ಳೆಯ ನಿಯಮ. ಹೂತು ಹೋದವರು ಎಲ್ಲಿದ್ದಾರೆ ಎಂದು ಬೀಕನ್ ತೋರಿಸುತ್ತದೆ. ಅಗೆಯುವುದು ಕೈಯಲ್ಲಿ ಆಗುವ ಕೆಲಸವೇ?

ಪರ್ಮಿಟ್ ಬಗ್ಗೆಯೂ ಅವರೇ ಹೇಳಿದರು. 4,800 ಅಡಿಯ ಮೇಲೆ ಹೋಗಲು ವರ್ಷವಿಡೀ ಪರ್ಮಿಟ್ ಬೇಕು. ಏಪ್ರಿಲ್ 1ರಿಂದ ಅಕ್ಟೋಬರ್ 31ರ ತನಕ ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು, ದಿನಕ್ಕೆ ಇಂತಿಷ್ಟೇ ಜನ. ನವೆಂಬರ್‌ನಿಂದ ಮಾರ್ಚ್ ಕೊನೆಯ ತನಕ ಅಲ್ಲೇ ಹೆಸರು ಬರೆದು ನೀವೇ ಚೀಟಿ ತೆಗೆದುಕೊಂಡರಾಯಿತು, ದುಡ್ಡಿಲ್ಲ. ಕಾರಿಗೆ ಸ್ನೋ-ಪಾರ್ಕ್ ಪರ್ಮಿಟ್ ಬೇರೆ. ಅದನ್ನು ಮೊದಲೇ ಕೊಂಡು ಹೋಗಿ.

ಈಗ ಆ ಗುರುವಾರಕ್ಕೆ ಬರುತ್ತೇನೆ. ಚಳಿಗಾಲದಲ್ಲಿ ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಒಟ್ಟು ಐದು ಮಟ್ಟ. ಆ ವಾರ ಎರಡು ದಿನ ಹೊಸ ಹಿಮ ಬಿದ್ದು, ಮೇಲೆ ಜೋರು ಗಾಳಿ ಬೀಸಿತ್ತು. ಗಾಳಿ ಹಿಮವನ್ನು ಒಂದು ಮಗ್ಗುಲಿನಿಂದ ಎತ್ತಿ ಇನ್ನೊಂದು ಮಗ್ಗುಲಿಗೆ ಪೇರಿಸುತ್ತದೆ. ಹಾಗೆ ಪೇರಿಸಿದ ಹಿಮ ಕೆಳಗಿನ ಪದರಕ್ಕೆ ಸರಿಯಾಗಿ ಅಂಟಿರುವುದಿಲ್ಲ. ಮಟ್ಟ ಮೂರಕ್ಕೆ ಏರಿತ್ತು. ಮೂರು ಅಂದರೆ ಮಧ್ಯಮ ಎಂದು ತಮ್ಮ ಅಂದುಕೊಂಡಿದ್ದ, ಆದರೆ ಅದು ಗಣನೀಯ ಅಪಾಯದ ಮಟ್ಟ. ಸಹೋದ್ಯೋಗಿ ಬೇಡವೇ ಬೇಡ ಎಂದಳು.

ಬೇಡ ಅಂದರೂ ಮನಸ್ಸು ಎಳೆಯುತ್ತದೆ. ರಜೆ ಹಾಕಿಯಾಗಿದೆ, ಮಗಳನ್ನು ನೋಡಿಕೊಳ್ಳಲು ಗಂಡ ಒಪ್ಪಿದ್ದಾರೆ, ತಮ್ಮ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬರಲು ತಯಾರಾಗಿದ್ದಾನೆ. ಅದರ ಮೇಲೆ ಬಾಡಿಗೆ ದುಡ್ಡೂ ಮುಳುಗುತ್ತದೆ ಅಂದರೆ, ‘ಹೋಗಿ ನೋಡೋಣ, ಅಲ್ಲೇ ತೀರ್ಮಾನ ಮಾಡೋಣ’ ಎಂಬ ಮಾತು ತಾನಾಗಿ ಬರುತ್ತದೆ. ಸಕಲೇಶಪುರದಿಂದ ಅಮ್ಮ ಫೋನ್‌ನಲ್ಲಿ, ‘ದುಡ್ಡು ಕಟ್ಟಿದೀನಿ ಅಂತ ಮಾತ್ರ ಹೋಗ್ಬೇಡ ಕಣೇ, ದುಡ್ಡು ಹೋದ್ರೆ ಹೋಗ್ಲಿ’ ಎಂದಿದ್ದರು. ಹಿಮ ನೋಡದ ಅಮ್ಮನಿಗೆ ಗೊತ್ತಿದ್ದದ್ದು ಈ ಅಂಗಡಿಯವರಿಗೂ ಗೊತ್ತಿದೆ. ಹವಾಮಾನದ ಕಾರಣಕ್ಕೆ ಹಿಂದಿನ ದಿನದ ತನಕ ರದ್ದು ಮಾಡಿದರೆ ಅವರು ದುಡ್ಡು ಹಿಡಿಯುವುದಿಲ್ಲ. ನಾನು ವಿಚಾರಿಸಿದ ಇನ್ನೊಂದು ಕಡೆ ಇದಕ್ಕಿಂತ ಹೊಸ ಬೂಟು, ಬಾಡಿಗೆಯೂ ಕಡಿಮೆ. ಆದರೆ ಕಾಯ್ದಿರಿಸಿದ ದುಡ್ಡು ವಾಪಸ್ ಇಲ್ಲ. ಹೆಲ್ಮೆಟ್ ಎಷ್ಟು ಮುಖ್ಯವೋ ಈ ನಿಯಮವೂ ಅಷ್ಟೇ ಮುಖ್ಯ ಎಂದು ನಾನು ನಂಬುತ್ತೇನೆ.

ಮುಂದಿನ ಶನಿವಾರ ಬೆಳಗಿನ ಜಾವ ಮೂರೂವರೆಗೆ ಸ್ನೋ-ಪಾರ್ಕ್‌ನಿಂದ ನಡೆಯಲು ಶುರು ಮಾಡಿದೆವು. ಕೂಗರ್ ಎಂಬ ಪುಟ್ಟ ಊರು ದಾಟಿದ ಮೇಲೆ ಫೋನ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಇಳಿಸಿಕೊಂಡಿರಿ. ಮೊದಲ ಎರಡು ಮೈಲಿ ಕಾಡು, ತಲೆಗೆ ಕಟ್ಟಿದ ಟಾರ್ಚಿನ ಬೆಳಕು, ನಮ್ಮದೇ ಉಸಿರಿನ ಹೊಗೆ. ಚಾಕೊಲೇಟ್ ಫಾಲ್ಸ್ ಹತ್ತಿರ ಮರಗಳು ಮುಗಿಯುತ್ತವೆ. ಜಲಪಾತ ಹಿಮದಡಿ ಇತ್ತು. ಅಲ್ಲಿಂದ ಮೇಲೆ ಒಂದೇ ಬಿಳಿ ದಿಣ್ಣೆ, ಏರು, ಏರು. ದಾರಿಯಲ್ಲಿ ಭೂಕಂಪ ಅಳೆಯುವ ಒಂದು ಸಣ್ಣ ಕೇಂದ್ರ ಸಿಗುತ್ತದೆ. ಕೆಳಗೆ ಬೆಟ್ಟ ಇನ್ನೂ ಬದುಕಿದೆ ಎಂದು ಅದನ್ನು ನೋಡಿದಾಗ ನೆನಪಾಯಿತು. 2004ರಿಂದ 2008ರ ತನಕ ಕುಳಿಯೊಳಗೆ ಹೊಸ ಲಾವಾ ಗುಮ್ಮಟವೇ ಬೆಳೆದಿದೆ. ಪೂರ್ವದಲ್ಲಿ ಮೌಂಟ್ ಆಡಮ್ಸ್ ಹಿಂದಿನಿಂದ ಬೆಳಕು ಬಂತು. ಹಿಮ ಮೊದಲು ನೀಲಿ, ಆಮೇಲೆ ಗುಲಾಬಿ. ಮೂವರೂ ಮಾತಾಡದೆ ನಿಂತೆವು.

ಹನ್ನೊಂದೂ ಮುಕ್ಕಾಲಿಗೆ ಮೇಲಿದ್ದೆವು. ಕುಳಿಯ ಅಂಚಿಗೆ ಹೋಗಲಿಲ್ಲ. ಗಾಳಿ ಅಲ್ಲಿ ಹಿಮವನ್ನು ಅಂಚಿನಾಚೆಗೆ ಮನೆಯ ಸೂರಿನ ಹಾಗೆ ಕಟ್ಟಿರುತ್ತದೆ, ಕೆಳಗೆ ಏನೂ ಇರುವುದಿಲ್ಲ. ಇದನ್ನು ಕಾರ್ನಿಸ್ ಅನ್ನುತ್ತಾರೆ. ಮೇಲೆ ನಿಂತವರಿಗೆ ನೆಲ ಎಲ್ಲಿ ಮುಗಿಯಿತು ಎಂದು ತಿಳಿಯುವುದಿಲ್ಲ. 2010ರ ಫೆಬ್ರವರಿಯಲ್ಲಿ, ಈ ಬೆಟ್ಟವನ್ನು ಹತ್ತಾರು ಸಲ ಹತ್ತಿದ್ದ ಒಬ್ಬರು ಆ ಸೂರು ಮುರಿದು ಕುಳಿಯೊಳಗೆ ಬಿದ್ದು ತೀರಿಕೊಂಡರು. ಬಿಳಿ ಗಡ್ಡದವರು ಇದನ್ನು ಹೇಳಿಯೇ ಕಳಿಸಿದ್ದರು. ಕುಳಿ ನೋಡದೆ ಬಂದದ್ದಕ್ಕೆ ನನಗೆ ಬೇಸರವಿಲ್ಲ. ದಕ್ಷಿಣಕ್ಕೆ ಮೌಂಟ್ ಹುಡ್ ಪೂರ್ತಿ ಕಂಡಿತು, ಅದು ಸಾಕಾಯಿತು.

ತಪ್ಪು ಗೊತ್ತಾದದ್ದು ಇಳಿಯುವಾಗ. ಮಧ್ಯಾಹ್ನದ ಬಿಸಿಲಿಗೆ ಹಿಮ ಒದ್ದೆಯಾಗಿತ್ತು. ನನ್ನ ಎಡಗಾಲಿನ ಕೆಳಗೆ ಹಿಮ ರಾಗಿ ಮುದ್ದೆಯ ಗಾತ್ರಕ್ಕೆ ಕಟ್ಟಿಕೊಳ್ಳುತ್ತಿತ್ತು, ಬಲಗಾಲು ಮಾತ್ರ ಸ್ವಚ್ಛ. ಮುದ್ದೆ ಕಟ್ಟಿದರೆ ಹಲ್ಲು ಹಿಮಕ್ಕೆ ತಾಗುವುದೇ ಇಲ್ಲ. ಎರಡು ಸಲ ಕಾಲು ಜಾರಿತು, ಒಮ್ಮೆ ಮಂಡಿ ಊರಿದೆ. ಸಹೋದ್ಯೋಗಿ ಕೂರಿಸಿ ನೋಡಿದಳು. ಹಿಮ ಅಂಟದಿರಲಿ ಎಂದು ಕ್ರ್ಯಾಂಪಾನ್‌ನ ಅಡಿಗೆ ಹಾಕುವ ಪ್ಲಾಸ್ಟಿಕ್ ತಟ್ಟೆ ಎಡಗಾಲಿನದರಲ್ಲಿ ಇರಲೇ ಇಲ್ಲ. ಕಡಿದಾದ ಜಾಗ ಮುಗಿಯುವ ತನಕ ನಾಲ್ಕು ಹೆಜ್ಜೆಗೊಮ್ಮೆ ಐಸ್ ಆ್ಯಕ್ಸ್‌ನ ಹಿಡಿಯಿಂದ ಬೂಟಿಗೆ ತಟ್ಟಿ ತಟ್ಟಿ ಇಳಿದೆ. ಆಮೇಲೆ ಕ್ರ್ಯಾಂಪಾನ್ ಬಿಚ್ಚಿ ಕೂತು ಜಾರಿದೆವು. ಕ್ರ್ಯಾಂಪಾನ್ ಹಾಕಿಕೊಂಡು ಜಾರಬಾರದು, ಹಲ್ಲು ಸಿಕ್ಕಿಕೊಂಡರೆ ಕಾಲಿನ ಮೂಳೆ ಮುರಿಯುತ್ತದೆ.

ಊಟದ ಮಾತೂ ಹೇಳಿಬಿಡುತ್ತೇನೆ, ಇದನ್ನು ಯಾವ ಅಂಗಡಿಯೂ ಕೊಡುವುದಿಲ್ಲ. ಅಮ್ಮ ಕಳಿಸಿದ್ದ ಅಂಟಿನುಂಡೆ ಚಳಿಗೆ ಕಲ್ಲಾಯಿತು, ತುಪ್ಪ ಹೆಪ್ಪುಗಟ್ಟಿ ಹಲ್ಲಿಗೆ ಬಗ್ಗಲಿಲ್ಲ. ಒಳಜೇಬಿನಲ್ಲಿ ಇಟ್ಟುಕೊಂಡಿದ್ದರೆ ಸರಿ ಇರುತ್ತಿತ್ತು. ಹುರಿದ ಶೇಂಗಾ, ಹುರಿಗಡಲೆ, ಒಗ್ಗರಣೆ ಅವಲಕ್ಕಿ ಚೆನ್ನಾಗಿ ನಡೆದವು. ಎಲ್ಲಕ್ಕಿಂತ ಹಿತವಾದದ್ದು ಥರ್ಮಾಸ್‌ನಲ್ಲಿದ್ದ ಮೆಣಸಿನ ಸಾರು. ಬೆಳಗ್ಗೆ ಎರಡಕ್ಕೆ ಹಾಕಿದ್ದು ಹನ್ನೊಂದಕ್ಕೂ ನಾಲಿಗೆ ಸುಡುವಷ್ಟು ಬಿಸಿ ಇತ್ತು. ನೀರಿನ ಪೈಪ್ ಚೀಲ ಒಯ್ಯಬೇಡಿ, ಪೈಪಿನಲ್ಲೇ ನೀರು ಗಟ್ಟಿಯಾಗುತ್ತದೆ. ಅಗಲ ಬಾಯಿಯ ಬಾಟಲಿಯನ್ನು ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಕಟ್ಟಿದರೂ ಬಾಯಿಯ ಹತ್ತಿರ ಕಟ್ಟುವುದಿಲ್ಲ.

ಸೋಮವಾರ ಸಾಮಾನು ವಾಪಸ್ ಕೊಡುವಾಗ ಎಡಗಾಲಿನ ಕ್ರ್ಯಾಂಪಾನ್ ತೋರಿಸಿದೆ. ಬಿಳಿ ಗಡ್ಡದವರ ಮುಖ ಇಳಿದುಹೋಯಿತು. ‘ಇದು ನಾನು ನೋಡಬೇಕಿತ್ತು’ ಎಂದರು, ಬೇರೆ ನೆಪ ಹೇಳಲಿಲ್ಲ. ಕ್ರ್ಯಾಂಪಾನ್ ಬಾಡಿಗೆ ಪೂರ್ತಿ ವಾಪಸ್ ಕೊಟ್ಟರು. ಆಮೇಲೆ ನನ್ನ ಎದುರಿಗೇ ಗೋಡೆಗೆ ನೇತುಹಾಕಿದ್ದ ಅಷ್ಟೂ ಜೊತೆಗಳನ್ನು ಒಂದೊಂದಾಗಿ ತೆಗೆದು ಮಗುಚಿ ನೋಡಿದರು. ಇನ್ನೊಂದರಲ್ಲೂ ತಟ್ಟೆ ಸಡಿಲವಾಗಿತ್ತು, ಅದನ್ನು ಪಕ್ಕಕ್ಕಿಟ್ಟರು. ನಾನೂ ಮನೆಯಲ್ಲಿ ಒಮ್ಮೆ ಮಗುಚಿ ನೋಡಬೇಕಿತ್ತು. ನೀವು ಕೌಂಟರ್‌ನಲ್ಲೇ ನೋಡಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ತಟ್ಟೆಗೆ ಒಂದು ಕಳೆದಿದ್ದೇನೆ, ಅದು ಕಾಲು ನಿಲ್ಲುವ ವಿಷಯ. ಮುಂದಿನ ವರ್ಷದ ಫೆಬ್ರವರಿ ಕೊನೆಗೆ ಅಲ್ಲೇ ಮತ್ತೆ ಕಾಯ್ದಿರಿಸುತ್ತೇನೆ, 38.5 ಎಂದು ಬರೆಸಿ. ಈ ಸಲ ತಮ್ಮನ ಹೆಂಡತಿಯೂ ಬರುತ್ತಾಳಂತೆ. ಅವಳಿಗೆ ಈಗಲೇ ಹೇಳಿದ್ದೇನೆ, ರಜೆಯನ್ನು ಒಂದು ಶನಿವಾರಕ್ಕೆ ಹಾಕಬೇಡ, ಮೂರು ಶನಿವಾರ ಖಾಲಿ ಇಟ್ಟುಕೋ ಎಂದು.